ಅಮೋಘಿಯಲ್ಲ ಎಂದ ವರದಿ

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ,
ವಿಜಯಪುರ
೮ ಡಿಸೆಂಬರ್ ೨೦೨೪

ಅಮೋಘಿ ಮಾವನವರಿಗೆ ಮಹಾನಂದಾಳ ನಮಸ್ಕಾರಗಳು.

ಈ ಹೆಸರು ನೋಡಿದ ಕೂಡಲೇ ಕಾಗದವನ್ನು ಮಡಚಿಡಬೇಡಿ. ನೀವು ಜತ್ತಿನಲ್ಲಿ ಚಂದ್ರಕಾಂತ ಎಂದು ಬೆಳೆದವರು, ಮತ್ತೆ ಅದೇ ಹೆಸರಿಗೆ ಮರಳಿ ಹೋದವರು. ಅದು ಗೊತ್ತಿದ್ದೂ ಹೀಗೆ ಕರೆಯುತ್ತಿದ್ದೇನೆ. ನಿಮ್ಮ ಫೋನು ಸೆಪ್ಟೆಂಬರಿನಿಂದ ಬಂದ್ ಇದೆ. ನಿಮ್ಮ ಪಕ್ಕದ ಅಂಗಡಿಯ ಶಕೀಲ ಅವರನ್ನು ಕೇಳಿದರೆ, “ಅವ್ರು ಆ ಕಡಿ ಸುದ್ದೀನ ತಗಿಯಂಗಿಲ್ರಿ. ಕಾಗದ ಬರೀರಿ, ನಾನ ಕೈಯಾಗ ಕೊಡ್ತೇನಿ” ಎಂದರು.

ಅವ್ವ ಹೋದಳು, ಮಾವ. ಕಾರ್ತಿಕದ ಕಡೆಯ ಸೋಮವಾರ, ಬಿಜ್ಜರಗಿಯ ಮನೆಯಲ್ಲಿಯೇ. ಜ್ವರ ಎಂದು ಟಿಕೋಟಾದಲ್ಲಿ ತೋರಿಸಿದೆವು, ವಿಜಯಪುರಕ್ಕೂ ಕರೆತಂದೆವು. ಹೃದಯ ಸೋತಿದೆ ಎಂದರು ಡಾಕ್ಟರು. ನೀವು ಹೋದ ದಿನದಿಂದಲೇ ಅವಳು ಅರ್ಧ ರೊಟ್ಟಿ ತಟ್ಟೆಯಲ್ಲಿ ಬಿಟ್ಟು ಏಳುತ್ತಿದ್ದಳು. ಅದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ.

ನಿಮಗೆ ಗೊತ್ತಿದ್ದದ್ದನ್ನೇ ಸ್ವಲ್ಪ ಬರೆಯುತ್ತೇನೆ, ಬೇಸರಿಸಬೇಡಿ. ಅವ್ವನ ಕಡೆಯಿಂದ ಅದು ಹೇಗಿತ್ತೆಂದು ನಿಮಗೆ ತಿಳಿಯಬೇಕು. ಬೇಸಿಗೆಯಲ್ಲಿ ನಮ್ಮ ದ್ರಾಕ್ಷಿ ತೋಟದ ಮೋಟಾರು ಸುಟ್ಟು, ವೈಂಡಿಂಗ್ ಮಾಡುವವರೆಂದು ನಿಮ್ಮನ್ನು ಕರೆಸಿದ್ದೆವು. ಕೆಲಸ ಮುಗಿಸಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಸಣ್ಣವನಿದ್ದಾಗ ಕುರಿ ಕಾಯುವವರ ಜೊತೆ ಬಂದು ಜತ್ತಿನ ಸಂತೆಯಲ್ಲಿ ತಪ್ಪಿಸಿಕೊಂಡೆ, ಊರು ನೆನಪಿಲ್ಲ, ‘ಬೋರಿ’ ಎಂಬ ಹೆಸರೊಂದು ನೆನಪಿದೆ ಎಂದಿರಿ. ಒಳಗೆ ಹಿಟ್ಟು ನಾದುತ್ತಿದ್ದ ಅವ್ವ, ತವರಿನಲ್ಲಿ ಬೋರಿ ಎನಿಸಿಕೊಂಡವಳು, ಹಾಗೆಯೇ ಹೊರಗೆ ಬಂದಳು. ಆ ಸಂತೆಯಲ್ಲಿ ತಮ್ಮ ಅಮೋಘಿಯ ಕೈ ಹಿಡಿದಿದ್ದವಳು ಅವಳೇ. ಜನರ ನೂಕಾಟದಲ್ಲಿ ಆ ಕೈ ಜಾರಿತ್ತು. ಆಮೇಲಿನ ಜೀವನದಲ್ಲಿ ಅವಳು ಸಂತೆಗೆ ಹೋದದ್ದನ್ನು ನಾನು ನೋಡಿಲ್ಲ.

ಪಂಚಮಿಗೆ ನೀವು ಬಂದು ಅವಳನ್ನು ತವರಿಗೆ, ಅರಕೇರಿಗೆ, ಕರೆದೊಯ್ದಿರಿ. ಅವಳ ಚಿಕ್ಕಪ್ಪನ ಮಗ ಮುತ್ತು ಮಾವ ಪ್ರತಿ ವರ್ಷ ಕರೆದರೂ ಹೋಗದವಳು ನಿಮ್ಮ ಜೊತೆ ಹೋಗಿ ಜೋಕಾಲಿ ಜೀಕಿ ಬಂದಳು. ಕೈಗೆ ಹಗ್ಗದ ಗುರುತು ಬಿದ್ದಿದ್ದನ್ನು ಓಣಿಯವರಿಗೆಲ್ಲ ತೋರಿಸಿದಳು.

ಅಷ್ಟರಲ್ಲಿ ಜನರ ಬಾಯಿ ಶುರುವಾಗಿತ್ತು. ಅರಕೇರಿಯ ಹೊಲಕ್ಕೆ ಕಣ್ಣಿಟ್ಟು ಯಾರೋ ಬಂದಾನ ಎಂದರು. ಆ ಬಾಯಿಗಳನ್ನು ಮುಚ್ಚಿಸಬೇಕೆಂದು ನನಗೆ ಹಟ. ನಾನು ಕಲಿಸುವ ಬಬಲೇಶ್ವರದ ಶಾಲೆಯಲ್ಲಿ ಪೂನಮ ಎಂಬ ಟೀಚರು ತಮ್ಮ ಮನೆತನದ ಬೇರು ಹುಡುಕಲು ಡಿಎನ್‌ಎ ಪರೀಕ್ಷೆ ಮಾಡಿಸಿದ್ದರು. ಅವರಿಂದ ವಿಳಾಸ ತಂದೆ. ಅವ್ವ ಮಾತ್ರ, “ಬ್ಯಾಡ ಬೇ. ಸಿಕ್ಕವನ್ನ ಮತ್ತ ತಕ್ಕಡ್ಯಾಗ ಇಡಬ್ಯಾಡ” ಎಂದಳು. ನೀವೇ ನಕ್ಕು, “ಮಾಡಸ್ಲಿ ಬಿಡಕ್ಕ, ನನಗೂ ಖಾತ್ರಿ ಆಗ್ಲಿ” ಎಂದು ಬಾಯಿ ತೆರೆದು ಕೂತಿರಿ. ಮೂರು ದಿನ ನಾನು ಅವ್ವನ ಬೆನ್ನು ಹತ್ತಿದೆ. ಕೊನೆಗೆ ಗೋಡೆಯ ಕಡೆ ನೋಡುತ್ತ ಬಾಯಿ ತೆರೆದಳು. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸುವಾಗ ಅವಳ ಗದ್ದ ನಡುಗುತ್ತಿತ್ತು. ವಯಸ್ಸಾಗಿದೆ, ಅದಕ್ಕೆ ಎಂದುಕೊಂಡೆ.

ವರದಿ ಶಾಲೆಯ ವಿಳಾಸಕ್ಕೆ ಬಂತು. ಮನೆಯ ಪಡಸಾಲೆಯಲ್ಲಿ ಅದನ್ನು ಓದಿದವಳು ನಾನೇ: ಇವರಿಬ್ಬರೂ ಒಂದೇ ತಂದೆತಾಯಿಯ ಮಕ್ಕಳಲ್ಲ, ತಾಯಿಯಿಂದ ಬರುವ ಗುರುತೂ ಕೂಡುವುದಿಲ್ಲ. ಅವ್ವ ಕಂಬ ಹಿಡಿದು ನಿಂತವಳು ತುಟಿ ಬಿಚ್ಚಲಿಲ್ಲ. ನೀವು ಎದ್ದು, “ತಪ್ಪಾತು ತಾಯಿ. ಯಾರದೋ ಮನ್ಯಾಗ ಬಂದು ಕುಂತೀನಿ” ಎಂದು ಅವಳ ಕಾಲು ಮುಟ್ಟಿ ಹೊರಟಿರಿ. ಅಲ್ಲಿಯವರೆಗೂ ಅಕ್ಕ ಎನ್ನುತ್ತಿದ್ದ ನೀವು ಅಂದು ತಾಯಿ ಎಂದಿರಿ. ಬಸ್ಸಿನವರೆಗೂ ಬಂದ ನಾನು ನಿಮ್ಮನ್ನು ನಿಲ್ಲಿಸಲಿಲ್ಲ. ವರದಿಯ ಮೇಲೆ ನನಗೆ ಅಷ್ಟು ವಿಶ್ವಾಸ.

ಈಗ ಮುಖ್ಯವಾದ ಮಾತು. ಅವ್ವನನ್ನು ಮಣ್ಣಿಗೆ ಒಯ್ಯುವ ಮುಂಚೆ ತವರಿನ ಸೀರೆ ಹೊದಿಸಬೇಕಲ್ಲ. ಮುತ್ತು ಮಾವ ಒಂದು ಸೀರೆ ತಂದಿದ್ದರು. ಅವರ ತಾಯಿ ಮಾಳವ್ವ ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿ, ಪಂಚಮಿಗೆ ನೀವು ತಂದಿದ್ದ ಹಸಿರು ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆಸಿದಳು. “ತಮ್ಮ ತಂದದ್ದು ಐತಿ, ಇದನ್ನ ಹೊದಸ್ರಿ” ಎಂದಳು. ಅವರು ತಮ್ಮನಲ್ಲವೆಂದು ಪರೀಕ್ಷೆಯಲ್ಲಿ ಬಂದಿದೆ ಎಂದು ನಾನು ಮೆಲ್ಲಗೆ ಹೇಳಿದೆ.

“ಏನ ನೋಡಿ ಹೇಳ್ಯಾರ?”

“ಇಬ್ಬರದೂ ರಕ್ತಸಂಬಂಧ ಕೂಡತೈತೇನ ಅಂತ ನೋಡ್ಯಾರ ಅಜ್ಜಿ.”

ಅಜ್ಜಿ ಅವ್ವನ ತಲೆದೆಸೆಯಲ್ಲಿ ಕೂತುಬಿಟ್ಟಳು. “ಹೆಂಗ ಕೂಡಬೇಕ ಅದು? ಅವ ನಮ್ಮಕ್ಕನ ಹೊಟ್ಟ್ಯಾಗ ಹುಟ್ಟಿದಾವ. ಇಕಿ ಹುಟ್ಟಿದಾಕಿ ಅಲ್ಲ.”

ಅಕ್ಕ ಎಂದರೆ ಅವಳ ಓರಗಿತ್ತಿ, ನಿಮ್ಮ ತಾಯಿ. ಮದುವೆಯಾಗಿ ಬಹಳ ವರ್ಷ ಅವರಿಗೆ ಮಕ್ಕಳಿರಲಿಲ್ಲವಂತೆ. ಕುರಿಗಳ ಹಿಂದೆ ಹೋದಾಗ ಒಂದು ಊರ ಹೊರಗೆ ಹೆರಿಗೆಯಲ್ಲಿ ತೀರಿಕೊಂಡ ಯಾವಳೋ ಕೂಲಿ ಹೆಂಗಸಿನ ಎಳೆಗೂಸನ್ನು ಎತ್ತಿಕೊಂಡು ಬಂದರಂತೆ. ಕುರಿಯ ಹಾಲು ಕುಡಿಸಿ ಬದುಕಿಸಿದ ಆ ಕೂಸು ನನ್ನ ಅವ್ವ. ನೀವು ಹುಟ್ಟಿದ್ದು ಎಂಟು ವರ್ಷದ ಮೇಲೆ.

ಪರೀಕ್ಷೆ ಮಾಡಿದವರಿಗೆ ಫೋನು ಮಾಡಿದೆ. “ಇವರಿಬ್ಬರಿಗೂ ಸಂಬಂಧವಿಲ್ಲ ಅಂತಷ್ಟೇ ನಾವು ಹೇಳಿದ್ದು ಮೇಡಂ. ಆ ಮನೆಯವರು ಯಾರು, ಅಲ್ಲದವರು ಯಾರು ಅಂತ ನೀವು ಕೇಳಿರಲಿಲ್ಲ” ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಮನೆತನದ ಬೇರು ಹುಡುಕಲು ಇದನ್ನು ಮಾಡಿಸಬಹುದೇ ಎಂದು ಶಾಲೆಯಲ್ಲಿ ಈಗ ಕೇಳುವವರಿಗೆ ನಾನು ಏನೂ ಹೇಳುವುದಿಲ್ಲ. ಮನೆಯ ಹಿರಿಯರು ಇನ್ನೂ ಬದುಕಿದ್ದಾರೆಯೇ ಎಂದಷ್ಟೇ ಕೇಳುತ್ತೇನೆ. ಅಜ್ಜಿ ಅರಕೇರಿಯಲ್ಲೇ ಇದ್ದಳು. ನಾನು ಅವಳನ್ನು ಕೇಳಲಿಲ್ಲ.

ಮುತ್ತು ಮಾವ ನಿಮ್ಮ ಚಿಕ್ಕಪ್ಪನ ಮಗ. ಗಂಡಸರ ವಂಶದ ಗುರುತು ಇಬ್ಬರಲ್ಲೂ ಒಂದೇ ಇರುತ್ತದಂತೆ, ಬೇಕಾದರೆ ಅದನ್ನೂ ನೋಡಬಹುದಂತೆ. ಅವರು ತಯಾರಿದ್ದಾರೆ. “ಅವ ಕೇಳಿದ್ರ ಕೊಡ್ತೇನಿ, ನಾವಾಗಿ ಕೇಳೂದು ಬ್ಯಾಡ” ಎಂದರು. ನಾನೂ ಇನ್ನು ಯಾರ ಬಾಯಿಯನ್ನೂ ತೆರೆಸುವುದಿಲ್ಲ. ಅರಕೇರಿಯ ಮನೆಯಲ್ಲಿ ನಿಮ್ಮನ್ನು ಎತ್ತಿ ಆಡಿಸಿದ ಒಬ್ಬ ಮುದುಕಿ ಇದ್ದಾಳೆ, ಅವಳಿಗೆ ಕಣ್ಣು ಮಂಜಾಗಿದೆ. ಬೇಗ ಬನ್ನಿ. ಅಲ್ಲಿಂದ ಬಿಜ್ಜರಗಿಗೆ, ಅವ್ವನನ್ನು ಇಟ್ಟ ಜಾಗಕ್ಕೆ, ನಾನೇ ಕರೆದೊಯ್ಯುತ್ತೇನೆ.

ರಕ್ತದಿಂದ ಹೌದೋ ಅಲ್ಲವೋ,
ನಿಮ್ಮ ಸೊಸೆ
ಮಹಾನಂದಾ

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಉಳಿಸಿದ್ದು: ಅವ್ವನಿಗೆ ಇದೆಲ್ಲ ಗೊತ್ತಿತ್ತು. ಮದುವೆಯ ಮುಂಚೆ ಮಾಳವ್ವ ಅಜ್ಜಿಯೇ ಹೇಳಿದ್ದಳಂತೆ. ವರದಿ ಓದಿದ ದಿನ ಅವಳು ಒಂದು ಮಾತು ಆಡಿದ್ದರೆ ನಿಮಗೆ ನಿಮ್ಮ ಮನೆ ಸಿಗುತ್ತಿತ್ತು. ಆಡಿದರೆ ತನಗೆ ತಮ್ಮ ಇಲ್ಲವಾಗುತ್ತಾನೆ ಎಂದು ಅಂಜಿದಳೇನೋ. ಅವಳನ್ನು ಕ್ಷಮಿಸಿ. ಜ್ವರ ಏರಿದ ದಿನ ನನ್ನ ಕೈ ಹಿಡಿದು, “ಅವಗ ಹೇಳ ಬೇ, ಅರಕೇರಿ ಮನಿ ಅವಂದ, ಹೊರಗಿನಾಕಿ ನಾನು” ಎಂದು ಎರಡು ಸಲ ಅಂದಳು. ಜ್ವರದ ಬಡಬಡಿಕೆ ಎಂದುಕೊಂಡು ನಾನು ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಸುಮ್ಮನೆ ಮಲಗು ಎಂದೆ.