ಎದ್ದು ನಡೆದ ಕಡ್ಡಿ

ಮಂಗಳವಾರ, ಬೆಳಿಗ್ಗೆ

ನನ್ನ ಚೂಟಿಗೆ,

ಸಿಡುಕದೆ ಓದು. ನಿನ್ನೆ ಫೋನಿನಲ್ಲಿ, 'ಅಮ್ಮಾ, ಆ ತೊರೆ ಸತ್ತುಹೋಗಿದೆ, ಸೀಸೇಲಿ ಕಸ ಬಿಟ್ರೆ ಒಂದು ಹುಳಾನೂ ಇಲ್ಲ' ಎಂದೆಯಲ್ಲ? ಗುರುವಾರ ನೀನು ಹಾಗೆಂದು ವರದಿಗೆ ಸಹಿ ಹಾಕಿದರೆ ತೊರೆಯ ಮೇಲೆ ಕಾಂಕ್ರೀಟ್ ಮುಚ್ಚಿಬಿಡುತ್ತಾರೆ. ನೀರು ಪರೀಕ್ಷೆಯ ಆ ಕುರ್ಚಿಯಲ್ಲಿ ನಿನಗಿಂತ ಮುಂಚೆ ಮೂವತ್ತು ವರ್ಷ ಕುಳಿತವಳು ನಾನು. ಮನಸ್ಸು ತಡೆಯಲಿಲ್ಲ, ಬೆಳಕು ಹರಿಯುತ್ತಲೇ ಹೋಗಿಬಂದೆ. ಹೌದು, ಈ ಮಂಡಿನೋವು ಇಟ್ಟುಕೊಂಡೇ. ಆಮೇಲೆ ಬೈಯುವೆಯಂತೆ.

ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಹಿಂದೆ ಇಳಿದು, ಕಲ್ಲು ಮಗುಚಿ, ಬಲೆಗೆ ಬಂದದ್ದನ್ನು ಅಡುಗೆಮನೆಯ ಬಿಳಿ ತಟ್ಟೆಗೆ ಸುರಿದೆ. (ತೊಳೆದಿಟ್ಟಿದ್ದೇನೆ, ಮುಖ ಸಿಂಡರಿಸಬೇಡ.) ಮೊದಲು ಕಂಡದ್ದು ನೀನು ಹೇಳಿದ್ದೇ: ಕಡ್ಡಿ, ಮರಳು, ಕೊಳೆತ ಎಲೆ. ಸುಮ್ಮನೆ ಕುಳಿತೆ. ನೀರು ತಿಳಿಯಾಯಿತು.

ಆಗ ಒಂದು ಕಡ್ಡಿ ಎದ್ದು ನಡೆಯಿತು ಕಣೇ!

ಅಬ್ಬಾ! ಮರಳಿನ ಕಾಳು, ತೊಗಟೆಯ ಚೂರು ಅಂಟಿಸಿ ಕಟ್ಟಿದ ಮನೆಯನ್ನೇ ಹೊತ್ತು, ಆರು ಕಾಲು ಮಾತ್ರ ಹೊರಗೆ ಚಾಚಿ ಹೊರಟಿತ್ತು ಗೂಡುಹುಳ. ಅದರ ಪಕ್ಕದಲ್ಲೇ ಮೂರು ಬಾಲದ ಮೇಫ್ಲೈ ಕೀಟದ ಮರಿ ಮೈಯನ್ನು ಮೇಲೆ ಕೆಳಗೆ ಕುಣಿಸುತ್ತ ಈಜಿತು. ಕೊನೆಗೆ ನಮ್ಮ ಪೈಲ್ವಾನ, ಎರಡು ಬಾಲದ ಸ್ಟೋನ್‌ಫ್ಲೈ ಮರಿ! ತಟ್ಟೆಯ ನೀರು ನಿಂತು ಉಸಿರು ಸಾಲದಾದಾಗ ದಂಡ ಹೊಡೆಯತೊಡಗಿತು. ಕೊಳಕು ನೀರಿನಲ್ಲಿ ಅದು ಬದುಕುವುದೇ ಇಲ್ಲವಲ್ಲ! ಎಷ್ಟು ಸಾವಿರ ನೋಡಿದ್ದೇನೋ, ಇವತ್ತೂ ಮೈ ಜುಮ್ಮೆಂದಿತು. ಕಣ್ಣು ತುಂಬಿಬಂತು.

ಬಟ್ಟೆ ಒಗೆಯುವಾಕೆ ಕಿಟಕಿಯಿಂದ, 'ಏನ್ ಕಳ್ಕೊಂಡ್ರಿ ಅಕ್ಕಾ?' ಎಂದಳು. ಕರೆದು ತೋರಿಸಿದೆ. 'ಅಯ್ಯಯ್ಯೋ, ಎಂಟು ವರ್ಷದಿಂದ ಇಲ್ಲೇ ಇದ್ದೀನಿ, ಇವ್ರೆಲ್ಲಾ ನಮ್ಮ ನೆರೆಯೋರಾ!' ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ನಿನ್ನ ಕಣ್ಣಿಗೇನೂ ಆಗಿಲ್ಲ. ನೀವು ದಡದಲ್ಲೇ ಸೀಸೆಗೆ ಸ್ಪಿರಿಟ್ ಸುರಿಯುತ್ತೀರಿ. ಗೂಡುಹುಳ ಕಾಲುಗಳನ್ನು ಗೂಡಿನೊಳಕ್ಕೆ ಎಳೆದುಕೊಂಡು ಸಾಯುತ್ತದೆ, ಉಳಿದವು ಬಾಲ ಮುರಿದು ಎಲೆಗೆ ಅಂಟಿಕೊಳ್ಳುತ್ತವೆ. ಆಮೇಲೆ ನೋಡಿದರೆ ಕಸವಲ್ಲದೆ ಇನ್ನೇನು ಕಂಡೀತು? ಆ ಕ್ರಮ ಕಲಿಸಿಹೋದವಳೂ ನಾನೇ. ಮೊದಲು ಅವುಗಳ ನಡಿಗೆ ನೋಡು, ಸ್ಪಿರಿಟ್ ಆಮೇಲೆ ಹಾಕುವೆಯಂತೆ. ನಾಳೆ ರಜೆ ಹಾಕಿ ಬಾ, ಒಟ್ಟಿಗೆ ನೋಡೋಣ. ಪತ್ರವನ್ನು ನಿಮ್ಮ ಆಫೀಸಿನ ಕಾವಲುಗಾರನ ಕೈಯಲ್ಲಿ ಕೊಟ್ಟು ಹೋಗುತ್ತೇನೆ. ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದ ಮಾತೊಂದಿದೆ.

ನಿನ್ನ ಹಟಮಾರಿ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಹೇಳಲಾಗಿರಲಿಲ್ಲ. ನನ್ನ ಕಪಾಟಿನ ಮೇಲಿನ ಸೀಸೆ ನೋಡಿ ಚಿಕ್ಕಂದಿನಲ್ಲಿ, 'ಬರೀ ಕಡ್ಡಿ, ಬಿಸಾಕಮ್ಮ' ಎನ್ನುತ್ತಿದ್ದೆಯಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡು. ಒಂದು ಕಡ್ಡಿಗೆ ಕಾಲಿದೆ. ನನಗದು ಕಂಡಿದ್ದು, ಆ ಸೀಸೆ ತುಂಬಿಸಿದ ತೊರೆ ಸತ್ತಿದೆಯೆಂದು ನಾನು ವರದಿಗೆ ಸಹಿ ಹಾಕಿದ ಮೂರು ವಾರಕ್ಕೆ. ಬಾಯಿ ಬಿಡಲಿಲ್ಲ. ನೀನು ದಿನಾ ಬಸ್ಸಿಗೆ ಕಾಯುತ್ತೀಯಲ್ಲ, ಆ ರಸ್ತೆಯ ಕೆಳಗಿದೆ ಆ ತೊರೆ.