ನೀನು ಕೂಗಿದ ‘ಒನ್ಸ್ ಮೋರ್’

ಗೆಳೆಯ ಗುರುನಾಥನಿಗೆ,

ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ. ನೀನಿದ್ದಾಗ ನಡುವೆ ಬಾಯಿ ಹಾಕದೆ ಇವನ್ನು ಕೇಳಿಸಿಕೊಳ್ಳುವುದು ನಿನ್ನಿಂದ ಆಗುತ್ತಿರಲಿಲ್ಲ.

೧. ಹೆಲೆನ್‌ಳ ಹಾಡುಗಳನ್ನು ರೆಕಾರ್ಡಾಗಿ ತರಲು ಇಂಗ್ಲೆಂಡಿನ ಒಂದು ಸಣ್ಣ ಕಂಪನಿ ಒಪ್ಪಿದೆ.

೨. ಅವರು ಕಳಿಸಲು ಕೇಳಿರುವುದು ಫ್ರೀಮಾಂಟಿನ ನಿನ್ನ ಮನೆಯ ಹಾಲಿನಲ್ಲಿ ಆಕೆ ಹಾಡಿದಾಗ ನಾನು ಮಾಡಿದ ಧ್ವನಿಮುದ್ರಣವನ್ನು.

೩. ಅದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಹಾಡು ತನ್ನ ತಾಯಿಯ ಮೇಲೆ ಆಕೆಯೇ ಕಟ್ಟಿದ್ದು. ಅದರ ಕೊನೆಯ ಸ್ವರ ಆರುವ ಮೊದಲೇ ನೀನು ‘ಒನ್ಸ್ ಮೋರ್!’ ಎಂದು ಕೂಗಿದ್ದೀಯೆ.

೪. ಆ ಕೂಗಿನ ವಿಷಯ ನಾನೇ ತಿಳಿಸಿದ್ದೆ; ಅದನ್ನು ಕತ್ತರಿಸಿ ಕಳಿಸಬೇಕೆಂದು ಕಂಪನಿಯವರು ಬರೆದಿದ್ದಾರೆ.

೫. ನಿನ್ನ ದನಿ ಇರುವ ಟೇಪು ಇನ್ನೊಂದಿಲ್ಲ.

ಐದನೆಯದಕ್ಕೂ ಕಂಪನಿಗೂ ಸಂಬಂಧವಿಲ್ಲ, ಒಪ್ಪುತ್ತೇನೆ. ಪ್ರತಿ ಮಾಡಿಟ್ಟುಕೊ ಎನ್ನುತ್ತೀಯೆ. ಪ್ರತಿ ಎಂದರೆ ಮೂಲದ ಮೇಲೆ ಸುಯ್ಯೆನ್ನುವ ಇನ್ನೊಂದು ಪದರ. ಆ ಪದರದ ಹಿಂದೆ ನಿನ್ನನ್ನು ಕೇಳಲು ನನಗೆ ಇಷ್ಟವಿಲ್ಲ. ಅದೂ ಅಲ್ಲದೆ, ನಿನ್ನ ಕೂಗು ಆಕೆಯ ಕೊನೆಯ ಸ್ವರದ ಮೇಲೆಯೇ ಕೂತಿದೆ. ಬ್ಲೇಡು ಹಾಕಿದರೆ ಎರಡೂ ಹೋಗುತ್ತವೆ. ಇನ್ನೊಂದು ಉಸಿರಿನಷ್ಟು ಹೊತ್ತು ತಡೆಯಲು ಆಗುತ್ತಿರಲಿಲ್ಲವೆ ನಿನಗೆ?

ಬರ್ಕ್ಲಿಯ ಕಾಫಿ ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋದೆಯಲ್ಲ, ಎಲ್ಲವೂ ಶುರುವಾದದ್ದು ಅಲ್ಲಿ. ಗಿಟಾರು ಹಿಡಿದ ಒಬ್ಬಳೇ ಹೆಂಗಸು, ಈ ಹೆಲೆನ್. ಕೇಳುವವರಿಗಿಂತ ಖಾಲಿ ಕುರ್ಚಿಗಳೇ ಹೆಚ್ಚು. ಹಾಡುಗಳ ನಡುವೆ ಆಕೆ ತನ್ನ ಬದುಕನ್ನು ತಮಾಷೆಯಾಗಿಯೇ ಹೇಳಿಕೊಂಡಳು. ಇಂಗ್ಲೆಂಡಿನ ಪಬ್ಬುಗಳ ಮಹಡಿಯ ಕೋಣೆಗಳಲ್ಲಿ ವರ್ಷಗಟ್ಟಲೆ ಹಾಡಿದ್ದು; ಹಿಂದೆ ಬಂದ ಎರಡು ರೆಕಾರ್ಡುಗಳು ಈಗ ಯಾವ ಅಂಗಡಿಯಲ್ಲೂ ಸಿಗದಿರುವುದು; ಬಾಗಿಲ ಬಳಿ ಕ್ಯಾಸೆಟ್ಟು ಮಾರಿ ಮುಂದಿನ ಊರಿನ ಬಸ್ಸು ಹತ್ತುವುದು. ನೀನು ನೇರವಾಗಿ ಎದ್ದುಹೋಗಿ, ಶನಿವಾರ ನಮ್ಮ ಮನೆಯಲ್ಲಿ ಹಾಡಿ, ಊಟ ನನ್ನದು, ರೆಕಾರ್ಡಿಂಗು ಈ ಮೂರ್ತಿಯದು ಎಂದುಬಿಟ್ಟೆ. ನನ್ನನ್ನು ಕೇಳಿದೆಯಾ? ಕಾರಿನಲ್ಲಿ ಆಕ್ಷೇಪಿಸಿದರೆ ಉತ್ತರ: “ನಿನ್ನ ಯಾಕ ಕೇಳಬೇಕೋ? ಕೇಳಿದ್ರ ಒಲ್ಲೆ ಅಂತಿದ್ದಿ.”

ಆ ಶನಿವಾರ ನಾನು ಎಲ್ಲರನ್ನೂ ಬೇಡಿಕೊಂಡಿದ್ದೆ. ಮಾತು ಬೇಡ, ತೊಡೆ ತಟ್ಟಿ ತಾಳ ಹಾಕುವುದು ಬೇಡ, ದನಿ ಪೂರ್ತಿ ಆರಿದ ಮೇಲೆಯೇ ಚಪ್ಪಾಳೆ. ಫ್ರಿಜ್ಜನ್ನೂ ಆರಿಸಿದ್ದೆ. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ನೀನು. ಆಕೆ ತಾಯಿಯ ಹಾಡು ಹಾಡಿದಳು: ಬಟ್ಟೆ ಮಿಲ್ಲಿನ ಮಗ್ಗಗಳ ಸದ್ದಿಗೆ ಕಿವಿ ಕಳೆದುಕೊಂಡ ತಾಯಿ, ಅವಳು ತುಟಿಯಲ್ಲಿ ಹಾಡನ್ನು ಓದಿಕೊಳ್ಳಲೆಂದು ಎದುರಿಗೆ ನಿಂತು ಹಾಡುವ ಮಗಳು. ದನಿಯ ಮಟ್ಟ ತೋರಿಸುವ ಮೀಟರಿನ ಮುಳ್ಳು ಎಲ್ಲಿಯೂ ಕೆಂಪು ಗೆರೆ ದಾಟಲಿಲ್ಲ. ಇಷ್ಟು ಸ್ವಚ್ಛವಾದ ಮುದ್ರಣವನ್ನು ನಾನು ಎಂದೂ… ಆಗ ನೀನು ಕೂಗಿದೆ, ಹುಬ್ಬಳ್ಳಿಯ ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ ಕೂತವನಂತೆ.

ತಾನೇನು ತಪ್ಪು ಮಾಡಿದೆನೋ ಎಂದು ಆಕೆ ಬೆದರಿದಳು. ನಮ್ಮ ಕಡೆ ಹಾಡು ಚೆನ್ನಾಗಿದ್ದರೆ, ಸತ್ತು ಬಿದ್ದ ಪಾತ್ರವೂ ಎದ್ದು ಬಂದು ಮತ್ತೆ ಹಾಡಬೇಕು ಎಂದು ನೀನು ಇಂಗ್ಲಿಷಿನಲ್ಲಿ ವಿವರಿಸಿದೆ. ನಾನು ಸಿಟ್ಟಿನಿಂದ ನೋಡಿದರೆ, “ನೀ ಹಾಡು ಕೇಳೂದಿಲ್ಲೋ ಮಾರಾಯ, ಬರೇ ಮುಳ್ಳು ನೋಡ್ತಿ” ಎಂದೆ. ಆಕೆ ನಕ್ಕು ಮತ್ತೊಮ್ಮೆ ಹಾಡಿದಳು. ಅಷ್ಟರಲ್ಲಿ ನಿನ್ನ ಶಾಂತಾ, ಹಾಲು ಕೆಡುತ್ತದೆಂದು ಫ್ರಿಜ್ಜು ಹಾಕಿಯಾಗಿತ್ತು. ಗಿಟಾರಿನ ಒಂದು ತಂತಿಯೂ ಕೊಂಚ ಇಳಿದಿತ್ತು. ಆ ಎರಡನೆಯ ಹಾಡನ್ನು ನಾನು ಅಂದೇ ಲೆಕ್ಕದಿಂದ ಬಿಟ್ಟೆ.

ಮೊನ್ನೆ ಟೇಪನ್ನು ಶಾಂತಾ ಅವರ ಮುಂದೆ ಹಾಕಿದೆ. ಮೊದಲ ಹಾಡು, ನಿನ್ನ ಕೂಗು. ಏನು ಮಾಡಲಿ ಎಂದು ಕೇಳಿದೆ.

“ತಗದ ಹಾಕ್ರಿ” ಎಂದರು. “ಮನ್ಯಾಗೂ ಹಂಗ. ಯಾರ ಮಾತೂ ಮುಗಿಯಾಕ ಬಿಡ್ತಿದ್ದಿಲ್ಲ.” ಮುಖ ಒರೆಸಿಕೊಂಡು, “ಇನ್ನೊಮ್ಮೆ ಹಚ್ಚರಿ” ಎಂದರು.

ನಿಮ್ಮಿಬ್ಬರಿಂದಲೂ ನೇರವಾದ ಉತ್ತರ ಪಡೆಯುವುದು ಎಂದಾದರೂ ಸಾಧ್ಯವಾಗಿದೆಯೆ?

ಕೊನೆಗೆ ಹೆಲೆನ್‌ಗೇ ಫೋನು ಮಾಡಿದೆ. ಆಕೆಯ ಪಾಲಿಗೆ ಇದು ಬಹಳ ವರ್ಷಗಳ ನಂತರ ಬಂದ ಅವಕಾಶ. ನಿರ್ಧಾರ ಆಕೆಯದೇ ಆಗಬೇಕೆಂದೆ. “ಮೊದಲ ಸಲ ನಾನು ಸರಿಯಾಗಿ ಹಾಡಿದೆ. ಎರಡನೆಯ ಸಲ ನಿಮ್ಮ ಗೆಳೆಯರಿಗೆ ಹಾಡಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು, ಅವರ ತಂದೆ ನೋಡುತ್ತಿದ್ದ ಹಾಗೆ” ಎಂದಳು. ಯಾವ ತಂದೆ ಎಂದು ನಾನು ಕೇಳಬೇಕಾಯಿತು. ಹುಬ್ಬಳ್ಳಿಯ ಮಿಲ್ಲಿನಲ್ಲಿ ನೇಯುತ್ತಿದ್ದ ನಿನ್ನ ತಂದೆಗೂ ಕಿವಿ ಹೋಗಿತ್ತೆಂದು, ಹಾಡಿಗೆ ಮುಂಚಿನ ಊಟದ ಹೊತ್ತಿನಲ್ಲಿ ನೀನು ಆಕೆಗೆ ಹೇಳಿದ್ದೆಯಂತೆ. ಆಗಷ್ಟೇ ಪರಿಚಯವಾಗಿದ್ದವಳಿಗೆ! ವರ್ಷಾನುಗಟ್ಟಲೆ ನಿನ್ನ ಪಕ್ಕದ ಸೀಟಿನಲ್ಲಿ ಕೂತು ಸ್ಯಾನ್ ಮಟಿಯೋದ ಆಫೀಸಿಗೆ ಸೇತುವೆ ದಾಟಿದವನು ನಾನು. ರಾಜಕೀಯ, ಟ್ರಾಫಿಕ್ಕು, ಮೆಣಸಿನಕಾಯಿಯ ಖಾರ, ಎಲ್ಲವನ್ನೂ ನನ್ನ ತಲೆಗೆ ತುಂಬಿದೆ. ಇದೊಂದನ್ನು ಯಾಕೆ… ಅಥವಾ ನಾನು ಕೇಳುವವನಂತೆ ಕಾಣಲಿಲ್ಲವೋ?

ಅಂದು ಸಂಜೆ ಮೀಟರನ್ನು ಗೋಡೆಯ ಕಡೆ ತಿರುಗಿಸಿಟ್ಟು ಎರಡನೆಯ ಹಾಡನ್ನು ಕೇಳಿದೆ. ಫ್ರಿಜ್ಜು ಗುಂಯ್‌ಗುಡುತ್ತದೆ. ತಂತಿ ಇಳಿದಿದೆ. ಆಕೆ ನಿಧಾನವಾಗಿ, ಒಂದೊಂದು ಮಾತನ್ನೂ ತುಟಿಯಲ್ಲಿ ರೂಪಿಸಿ ಹಾಡುತ್ತಾಳೆ; ಅದು ಕೇಳಿದರೆ ತಿಳಿಯುತ್ತದೆ, ಗುರುನಾಥ. ಹಾಡು ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡುವುದಿಲ್ಲ. ನೀನೂ.

ಎರಡನೆಯದನ್ನು ಕಳಿಸುತ್ತಿದ್ದೇನೆ, ಫ್ರಿಜ್ಜಿನ ಸದ್ದಿನ ಸಮೇತ. ಕಂಪನಿಯವರು ಒಪ್ಪದಿದ್ದರೆ ಬಿಡಲಿ ಎಂದು ಹೆಲೆನ್ ಹೇಳಿದ್ದಾಳೆ. ಮೊದಲನೆಯದನ್ನು ನಾನು ಕತ್ತರಿಸುವುದಿಲ್ಲ.

ಮೂರ್ತಿ