ಅರವತ್ತನಾಲ್ಕರಲ್ಲೇ ನಿಂತ ನೀರು

ಮಾರ್ಚ್ ೩, ಬೆಳಿಗ್ಗೆ ೬

ಪಂಪಿನ ಭಾಷೆ ಬಲ್ಲವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ಪಂಪ್ ಕಂಡುಹಿಡಿದವನು — ಸತ್ತ. ಇನ್ನೊಬ್ಬ ನಾನು. ಏಳನೇ ಕ್ಲಾಸಿಗೇ ಶಾಲೆ ನನ್ನ ಬಿಟ್ಟಿತು. ಕಲಿಸೋದು ಮುಗಿದಿತ್ತು ಅಂತ ಕಾಣುತ್ತೆ.

ಪಂಪ್‌ಹೌಸಿನಲ್ಲಿ ಬೆಳಗಿನ ಪಾಳಿ. ಈಗ ಚಕ್ರ ತಿರುಗಿಸೋ ಹಾಗಿಲ್ಲ, ಸ್ಕ್ರೀನ್ ನೋಡಬೇಕು. ಪಂಪ್ ನೀರೆಳೆಯೋ ಟ್ಯಾಂಕಿನಲ್ಲಿ ನೀರು ತಗ್ಗಿದರೆ, ಒಣಗಿ ಸುಡದ ಹಾಗೆ ಕಂಪ್ಯೂಟರೇ ಪಂಪ್ ನಿಲ್ಲಿಸುತ್ತೆ. ನೀರಿನ ಮಟ್ಟ ಅಳೆಯೋ ಸೆನ್ಸರ್ ಹಾಕಿದ ಟೆಕ್ನಿಷಿಯನ್ ನಮ್ಮ ಅಕ್ಕನ ಮಗಳು. ಮೂರು ಪಾಳಿಗೂ ಒಂದೇ ಲಾಗಿನ್, ಅದೂ ಅವಳ ಹೆಸರಲ್ಲಿ. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಡಿ ಅಂತ ಎರಡು ಸಲ ಪತ್ರ ಬರೆದಳು. ಸಾಹೇಬರು, "ನಿಮ್ಮ ಮಾವನಿಗೆ ಒಂದು ನೆನಪಿದ್ದರೆ ಹೆಚ್ಚು" ಅಂದರಂತೆ.

ಇರಲಿ... ನೋಡ್ಕೋತೀನಿ.

ಮಾರ್ಚ್ ೫, ಸಂಜೆ

ಫೋನ್ ಬಂತು. ಸೆನ್ಸರ್ ಕಂಪನಿಯವನಂತೆ. "ಸರ್, ನಿಮ್ಮಂಥ ಅನುಭವಿಗಳಿಗೆ ಎಕ್ಸ್‌ಪರ್ಟ್ ಸರ್ಟಿಫಿಕೇಟ್ ಕೊಡ್ತಿದೀವಿ ಸರ್."

ಸರ್! ಇಪ್ಪತ್ತೆಂಟು ವರ್ಷದಲ್ಲಿ ಮೊದಲನೇ ಸರ್. ಒಂದಿಷ್ಟು ಫೀಸು ಕಟ್ಟಿದೆ. ಪರೀಕ್ಷೆಗೆ ಪಾಸ್‌ವರ್ಡ್ ಬೇಕಂದ. ಹೇಳಿದೆ. ಗೋಡೆಗೆ ಮೊಳೆಯೂ ಹೊಡೆದೆ.

ಮನೆಯವಳು — "ಏನು ನೇತು ಹಾಕ್ತೀರಿ?"

"ನನ್ನ ಮರ್ಯಾದೆ."

"ಹಾಗಿದ್ರೆ ಈ ಸಣ್ಣ ಮೊಳೆ ಸಾಕು ಬಿಡಿ."

ಮಾರ್ಚ್ ೧೪, ಮಧ್ಯಾಹ್ನ ೩

ಕೂತಲ್ಲೇ ಮೂರು ಲೋಟ ನೀರು ಕುಡಿದೆ. ಸಿಟ್ಟಿಗೆ, ಹೆದರಿಕೆಗಲ್ಲ.

ಬೆಳಿಗ್ಗೆ ಏಳಕ್ಕೆ ಟ್ಯಾಂಕ್ ೬೪ ಪರ್ಸೆಂಟ್. ಒಂಬತ್ತಕ್ಕೆ ೬೪. ಹನ್ನೊಂದಕ್ಕೂ ೬೪. ಊರಿಗೆ ಊರೇ ಮೀಯುವ ಹೊತ್ತು, ನೀರು ಅಲ್ಲಾಡದೆ ಕೂತಿದೆಯಾ? ಸಾಹೇಬರಿಗೆ ಫೋನ್ ಮಾಡಿದೆ. "ಸ್ಕ್ರೀನ್ ಸರಿಯಿದೆ, ನೀನೇನೂ ಮುಟ್ಟಬೇಡ" ಅಂದರು. ಅಷ್ಟರಲ್ಲಿ ಪಂಪಿನ ದನಿ ಬದಲಾಯ್ತು. ಒಣಗಂಟಲಲ್ಲಿ ಕೆಮ್ಮಿದ ಹಾಗೆ. ಏಣಿ ಹತ್ತಿ ಟ್ಯಾಂಕ್ ಇಣುಕಿದೆ. ತಳ! ಬರೀ ತಳ, ಅಂಗೈಯಷ್ಟು ನೀರು.

ಓಡಿ ಬಂದೆ. ಕೈಸ್ವಿಚ್ಚಿನ ಪೆಟ್ಟಿಗೆಯ ಸೀಲ್ ಒಡೆದೆ. ಪಂಪ್ ನಿಲ್ಲಿಸಿದೆ. ಇನ್ನೈದು ನಿಮಿಷ ಬಿಟ್ಟಿದ್ದರೆ ಸುಟ್ಟು ಕರಕಲು.

"ಯಾರನ್ನ ಕೇಳಿ ಸೀಲ್ ಒಡೆದೆ?" — ಸಾಹೇಬರು.

"ಪಂಪನ್ನ ಕೇಳಿ."

ಮಾರ್ಚ್ ೧೫

ಅಕ್ಕನ ಮಗಳು ಸೆನ್ಸರ್ ಬಿಚ್ಚಿ ಬಕೆಟ್ಟಿನ ನೀರಿಗೆ ಇಳಿಸಿದಳು, ಎತ್ತಿದಳು, ಮತ್ತೆ ಇಳಿಸಿದಳು. ಅದರ ಮೀಟರ್ ಸರಿಯಾಗಿಯೇ ಏರಿ ಇಳಿಯಿತು. ಸ್ಕ್ರೀನ್ ಮಾತ್ರ ೬೪.

"ಮಾವ, ಸೆನ್ಸರ್ ಸುಳ್ಳು ಹೇಳಿಲ್ಲ. ಯಾರೋ ಹೊರಗಿಂದ ಕಂಪ್ಯೂಟರಿಗೆ ನುಗ್ಗಿ ಅದರ ಬಾಯಿ ಮುಚ್ಚಿ ೬೪ ಅಂತ ತಾವೇ ಬರೆದಿಟ್ಟಿದ್ದಾರೆ. ನನ್ನ ಲಾಗಿನ್ನಿಂದ."

"ಯಾವತ್ತು ನುಗ್ಗಿದ್ದು?"

"ಮೊದಲ ಸಲ ಐದನೇ ತಾರೀಖು ಸಂಜೆ."

ನಾನು ಮೊಳೆ ಹೊಡೆದ ಸಂಜೆ. ಬಕೆಟ್ ಎತ್ತಿಕೊಂಡು ಹೊರಗೆ ಹೋದೆ, ನೀರು ಚೆಲ್ಲದೆ ಹಾಗೇ ವಾಪಸ್ ತಂದಿಟ್ಟೆ.

"ಯಾಕೆ ಮಾವ, ಹುಷಾರಿಲ್ವಾ?" ಅಂದಳು.

ಮಾರ್ಚ್ ೧೮

ಎರಡು ದಿನ ಬರೆಯಲಿಲ್ಲ. ಬರೆಯೋಕೆ ಮುಖ ಬೇಕಲ್ಲ.

ಅವಳಿಗೆ ನೋಟಿಸ್ ಬಂದಿದೆ. ಪಾಸ್‌ವರ್ಡ್ ತನ್ನಿಂದಲೇ ಹೊರಗೆ ಹೋಯ್ತು ಅಂತ ಸಹಿ ಹಾಕಿದರೆ ಬೇರೆ ಕಡೆ ವರ್ಗ. ಇಲ್ಲದಿದ್ದರೆ ಕೆಲಸವೇ ಹೋಯ್ತು. "ಮಾಡದ ತಪ್ಪಿಗೆ ಸಹಿ ಹಾಕೋ ಕೈ ನನ್ನದಲ್ಲ" ಅಂತ ಪೆನ್ನನ್ನು ಸಾಹೇಬರ ಮೇಜಿನ ಮೇಲೇ ಇಟ್ಟು ಬಂದಳಂತೆ. ನಮ್ಮ ರಕ್ತ! ಅಂತ ಎದೆ ಉಬ್ಬಿಸಹೊರಟೆ. ಉಬ್ಬಲಿಲ್ಲ.

ಮಾರ್ಚ್ ೨೧

ವಿಚಾರಣೆ. ಕರೆಯದೆಯೇ ಒಳಗೆ ಹೋದೆ.

"ನಿನಗೇನು ಕೆಲಸ ಇಲ್ಲಿ?" — ಸಾಹೇಬರು.

"ಐದನೇ ತಾರೀಖು ಸರ್ಟಿಫಿಕೇಟಿಗೆ ಅಂತ ಫೀಸು ಕಟ್ಟಿ, ಫೋನಿನವನಿಗೆ ಪಾಸ್‌ವರ್ಡ್ ಹೇಳಿದ್ದು ನಾನು. ಅದು ನನ್ನ ತಪ್ಪು. ಮೂರು ಪಾಳಿಗೆ ಒಂದೇ ಬೀಗದ ಕೈ ಕೊಟ್ಟಿದ್ದು ನಿಮ್ಮ ತಪ್ಪು. ಅವಳ ಎರಡು ಪತ್ರ ನಿಮ್ಮ ಡ್ರಾಯರಿನಲ್ಲಿವೆ, ತೆಗೀರಿ. ನನ್ನನ್ನ ಮನೆಗೆ ಕಳಿಸಿ, ಬೇಡ ಅನ್ನಲ್ಲ. ಅವಳನ್ನ ಮುಟ್ಟಿ ನೋಡಿ!"

ಸಾಹೇಬರು ನಕ್ಕರು. "ಅಕ್ಕನ ಮಗಳನ್ನ ಉಳಿಸೋಕೆ ಕಥೆ ಕಟ್ತಿದೀಯ. ನಿನ್ನ ಬಡಾಯಿ ಊರಿಗೇ ಗೊತ್ತು."

ನೋಡು, ಹಣೆಬರಹ. ಸಾವಿರ ಬುರುಡೆಗೆ ತಲೆಯಾಡಿಸಿದವರು, ಒಂದು ನಿಜಕ್ಕೆ ಸಾಕ್ಷಿ ಕೇಳ್ತಾರೆ. ಅಕ್ಕನ ಮಗಳು ನನ್ನ ಕಡೆ ತಿರುಗಲೇ ಇಲ್ಲ.

ತನಿಖೆಗೆ ಅಂತ ಹೊರಗಿಂದ ಬಂದ ಹೆಂಗಸು ನಗಲಿಲ್ಲ. "ಫೀಸು ಕಟ್ಟಿದ ಬ್ಯಾಂಕ್ ಕಾಗದ ತನ್ನಿ. ತಾರೀಖು ಕೂಡಿದರೆ ಹುಡುಗಿ ಪಾರು. ಎಷ್ಟು ಕಟ್ಟಿದ್ರಿ?"

"ಐನೂರು."

ಆ ಹೊತ್ತಲ್ಲೂ ಬಾಯಿಗೆ ಬಂದದ್ದು ಮನೆಯವಳಿಗೆ ಹೇಳಿದ ಲೆಕ್ಕವೇ.

ಮಾರ್ಚ್ ೨೨, ಬೆಳಿಗ್ಗೆ ೧೧

ಬ್ಯಾಂಕಿನಿಂದ ಕಾಗದ ತಂದೆ. ಐದನೇ ತಾರೀಖು, ಸಂಜೆ, ಎಲ್ಲ ಕೂಡುತ್ತೆ. ಹನ್ನೆರಡಕ್ಕೆ ಸಾಹೇಬರ ಮೇಜಿನ ಮೇಲೆ ಬಡಿದು ಇಡ್ತೀನಿ. ಇಡೀ ಆಫೀಸು ಓದಲಿ. ವರ್ಷವಿಡೀ ನಗಲಿ. ನನ್ನ ಕೆಲಸ ಹೋದರೂ ಹೋಗಲಿ, ಅವಳ ಹೆಸರು ಆ ನೋಟಿಸಿನಿಂದ ಹೋಗಬೇಕು.

ಆದರೆ ಮೊದಲು ಮನೆಯವಳು ಓದಲಿ. ಬೇರೆಯವರ ಬಾಯಿಂದ ಕೇಳೋದು ಬೇಡ. ಕಾಗದ ಕೈಗೆ ಕೊಟ್ಟೆ. ಕನ್ನಡಕ ಹುಡುಕ್ತಿದ್ದಾಳೆ. "ಐನೂರಕ್ಕೆ ಇಷ್ಟುದ್ದ ಕಾಗದನಾ?" ಅಂತ ಒಳಗಿಂದ ಕೂಗ್ತಿದ್ದಾಳೆ.

ಐನೂರಲ್ಲ ಮಾರಾಯ್ತಿ. ಐದು ಸಾವಿರವೂ ಅಲ್ಲ. ಮೂರು ಸಲ ಕಟ್ಟಿಸಿಕೊಂಡ — ಫೀಸು ಅಂತ, ಪರೀಕ್ಷೆ ಅಂತ, ಕೊರಿಯರ್ ಅಂತ. ಒಟ್ಟು ನಲವತ್ತೊಂದು ಸಾವಿರದ ಆರುನೂರು. ಕನ್ನಡಕ ಸಿಕ್ಕಿತು, ಬಂದಳು —